ಅಂಗಡಿ ಮುಚ್ಚಿತು, ಅತ್ತೆಯ ಊರು ಮುಚ್ಚಲಿಲ್ಲ

ಕಳೆದ ವರ್ಷ ಗೌರಿ ಹಬ್ಬಕ್ಕೆ ಮುಂಚಿನ ವಾರದ ಮಾತು ಇದು. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಚರಂಡಿ ಅಗೆಯುತ್ತಿದ್ದರು. ಅಗೆಯಲು ಬಂದವರು ಮಣ್ಣಿನ ಜೊತೆಗೆ ನಮ್ಮ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತು ಪಕ್ಕಕ್ಕೆ ಎಸೆದು, ಕೇಳಿದರೆ "ನಮ್ಗೇನ್ ಗೊತ್ತು ತಾಯಿ" ಅಂದರು. ಅದೇ ವಾರ ನಮ್ಮ ಅತ್ತೆಯ ಊರನ್ನೇ ಯಾರೋ ಮುಚ್ಚಲು ಹೊರಟರು. ಊರು ಅಂದರೆ ಕಂಪ್ಯೂಟರ್ ಆಟದೊಳಗಿನ ಊರು. ನಗಬೇಡಿ. ನಕ್ಕವರು ನಮ್ಮ ಬೀದಿಯಲ್ಲೂ ಇದ್ದರು, ಅವರಿಗೆ ಅತ್ತೆಯಿಂದ ಏನು ಸಿಕ್ಕಿತು ಅನ್ನುವುದನ್ನು ಹೇಳುತ್ತೇನೆ.

ಮೊದಲು ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಹೆಸರು ನಂಜಮ್ಮ, ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಗುಂಡಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯೊಳಗೆ ಕಾಲಿಳಿಸಿ ಕೂರುವ ಮಗ್ಗದಲ್ಲಿ, ರೇಷ್ಮೆ ಸೀರೆ ನೇಯ್ದವರು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಹೆಸರು ಬಂದದ್ದು ಕೆಚ್ಚುವ ಕೆಲಸದಲ್ಲಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಳೆ ನೂಲು, ಅಂದರೆ ಹಾಸು, ಮುಗಿಯುವ ಹೊತ್ತಿಗೆ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ಅದನ್ನೇ ನಾವು ಕೆಚ್ಚುವುದು ಅನ್ನುತ್ತೇವೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಅದಕ್ಕೇ ನಮ್ಮ ಬೀದಿಯಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು "ಕೆಚ್ಚಕ್ಕೆ ಬನ್ರವ್ವಾ" ಅಂದರೆ, ಮನಸ್ತಾಪ ಇದ್ದವರೂ ಎದ್ದು ಹೋಗುತ್ತಾರೆ. ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ನಮ್ಮ ಅತ್ತೆಯ ಕೈ ಬೀಳದ ಮಗ್ಗ ಈ ಬೀದಿಯಲ್ಲಿ ಇರಲಿಲ್ಲ.

ಮಂಡಿ ಕೈಕೊಟ್ಟಿತು. ಒಂದು ದಿನ ಗುಂಡಿಯಿಂದ ಏಳುವಾಗ ಜಾರಿ ಬಿದ್ದರು. ಡಾಕ್ಟರು ಇನ್ನು ಮಗ್ಗ ಬೇಡ ಅಂದರು. ಯಜಮಾನರು, ಅಂದರೆ ನನ್ನ ಗಂಡ ಮಾದೇವ, "ಸಾಕು ಬುಡವ್ವಾ, ಎಷ್ಟ್ ದಿನ ಗೇಯ್ತೀಯೆ" ಅಂತ ಕೆಚ್ಚುವುದಕ್ಕೂ ಹೋಗಬೇಡ ಅಂದುಬಿಟ್ಟರು. ಅತ್ತೆ ಮೂಲೆ ಸೇರಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದರು. ಕೂತಲ್ಲೇ ಸೆರಗಿನ ತುದಿಯನ್ನು ಹೊಸೆಯುತ್ತಾ ಇರುತ್ತಿದ್ದರು. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಸೀರೆ ಅಂಚಿನ ಡಿಸೈನ್ ಮಾಡುವುದು, ಗಿರಾಕಿಗಳಿಗೆ ಫೋಟೋ ಕಳಿಸುವುದು ನನ್ನ ಕೆಲಸ. ಹಳೇ ಕಾಲದ ಕಂಪ್ಯೂಟರ್ ಆಟಗಳನ್ನು ಹೊಸ ಕಂಪ್ಯೂಟರ್‌ಗೆ ಒಗ್ಗುವ ಹಾಗೆ ಮಾಡಿ ಮಾರುವ ಒಂದು ಆನ್‌ಲೈನ್ ಅಂಗಡಿ ನನ್ನ ಕಣ್ಣಿಗೆ ಬಿತ್ತು. ನಾನು ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಾಗ ಮೇಷ್ಟ್ರು ಇಲ್ಲದ ವೇಳೆ ಕದ್ದು ಆಡುತ್ತಿದ್ದ ಊರು ಕಟ್ಟುವ ಆಟ ಅಲ್ಲಿತ್ತು! ರಸ್ತೆ ಹಾಕಬೇಕು, ಕಣಜ ಕಟ್ಟಬೇಕು, ನೀರು ಬಿಡಬೇಕು, ಇಲ್ಲದಿದ್ದರೆ ಜನ ಗಲಾಟೆ ಮಾಡಿ ಊರು ಬಿಟ್ಟು ಹೋಗುತ್ತಾರೆ. ಆಸೆಪಟ್ಟು ಕೊಂಡುಕೊಂಡೆ. ನನಗಾಗಿಯೇ ಕೊಂಡದ್ದು, ಅತ್ತೆಗಾಗಿ ಏನಲ್ಲ.

ಒಂದು ಮಧ್ಯಾಹ್ನ ಹಿಂದೆ ನಿಂತು ನೋಡುತ್ತಿದ್ದ ಅತ್ತೆ, "ಅಲ್ಲ ಕಣೆ ರತ್ನ, ಅಷ್ಟ್ ಮನೆ ಕಟ್ಟಿದ್ದೀಯೆ, ಬಾವಿ ಎಲ್ಲೆ? ಜನ ಏನ್ ಕುಡೀಬೇಕು?" ಅಂದರು. ತೋರಿಸಿಕೊಟ್ಟೆ. ಅವತ್ತು ಮೌಸ್ ಹಿಡಿದವರು ಮತ್ತೆ ನನಗೆ ಕೊಡಲಿಲ್ಲ. ಊರಿಗೆ ತಮ್ಮ ತವರಾದ ಮಧುವನಹಳ್ಳಿಯ ಹೆಸರನ್ನೇ ಇಡಿಸಿದರು. ಬೆಳಿಗ್ಗೆ ಕಾಫಿ ಕುಡಿದು ಕೂತರೆ, "ಏನ್ರಪ್ಪಾ ಗಲಾಟೆ? ಇರ್ರಿ, ಮಡಗ್ತೀನಿ ಕಣಜವ" ಅಂತ ಪರದೆಯ ಜನಕ್ಕೆ ಬೈಯುವುದೇ ಬೈಯುವುದು. ಹಸಿವು ತಾನಾಗಿ ಬಂತು. ಸಾರಿಗೆ ಉಪ್ಪು ಕಡಿಮೆ ಅಂತ ನನಗೂ ಬೈಯತೊಡಗಿದರು. ಬೈದರೆ ಬೈಯಲಿ, ಮನೆಗೆ ಮನುಷ್ಯರು ವಾಪಸ್ ಬಂದ ಹಾಗಾಯಿತು.

ಹಾಗಿರುವಾಗ ಆ ವಾರ ಅಂಗಡಿಯಿಂದ ಮೇಲ್ ಬಂತು. ಮುಚ್ಚುತ್ತಿದ್ದೇವೆ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ವಂದನೆ, ಕೊಂಡ ಆಟಗಳ ಪೂರ್ತಿ ಪ್ರತಿಯನ್ನು ನಾಳೆಯೊಳಗೆ ಇಳಿಸಿಕೊಳ್ಳಿ. ಇಷ್ಟೇ. ನಮ್ಮ ಗಡಿಯಾರಕ್ಕೆ ಲೆಕ್ಕ ಹಾಕಿದರೆ ಮರುದಿನ ಸಂಜೆ ಐದೂವರೆಗೆ ಬಾಗಿಲು ಬಂದ್. ಆಟವೂ ಅತ್ತೆ ಕಟ್ಟಿದ ಊರೂ ನಮ್ಮ ಕಂಪ್ಯೂಟರಿನಲ್ಲೇ ಇದ್ದರೂ ಪ್ರತಿ ಸಲ ಆಟ ಶುರುವಾಗುವಾಗ ಆ ಅಂಗಡಿಯಿಂದ ಒಪ್ಪಿಗೆ ಬರಬೇಕಿತ್ತು. ಕೇಬಲ್ ಕಿತ್ತ ಮೇಲೆ ನನ್ನ ಮೊಬೈಲಿನ ನೆಟ್ ಕೊಟ್ಟು ಹೇಗೋ ಶುರು ಮಾಡಿಸುತ್ತಿದ್ದೆ. ಅಂಗಡಿಯೇ ಹೋದರೆ ಒಪ್ಪಿಗೆ ಕೊಡುವವರು ಯಾರು? ಪೂರ್ತಿ ಪ್ರತಿಗೆ ಮಾತ್ರ ಯಾರ ಒಪ್ಪಿಗೆಯೂ ಬೇಡ. ಅದು ಕೈಗೆ ಸಿಗದಿದ್ದರೆ ಅತ್ತೆಯ ಮಧುವನಹಳ್ಳಿ ಇನ್ನೆಂದೂ ತೆರೆಯುವುದಿಲ್ಲ.

ಅತ್ತೆಗೆ ಓದಿ ಹೇಳಿದೆ. "ಮುಚ್ಚೋನು ಮುಚ್ಕೊಳ್ಲಿ. ಅಂಗಡಿ ಅವನ್ದು. ಊರ್ ನಂದು ಕಣೆ. ನನ್ನ ಊರ ನನ್ಗೆ ಕೊಟ್ಬುಟ್ಟು ಮುಚ್ಲಿ" ಅಂದರು.

ಮರುದಿನ ಬೆಳಿಗ್ಗೆಯೇ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿಗೆ ಓಡಿದೆ. ಅಲ್ಲಿನವನು ನಕ್ಕು, "ಪಹಣಿ ತೆಗ್ಸೋರು ಸಾಲಾಗ್ ನಿಂತವ್ರೆ, ಆಟಕ್ಕೆಲ್ಲ ಆಗಕಿಲ್ಲ ಕಣಕ್ಕಾ" ಅಂದ. ಮೈಯೆಲ್ಲ ಉರಿಯಿತು. ಮನೆಗೆ ಬಂದು ನನ್ನ ಮೊಬೈಲಿನಲ್ಲೇ ಇಳಿಸತೊಡಗಿದೆ. ಆಟ ಒಂಬತ್ತು ತುಂಡುಗಳಲ್ಲಿ ಇತ್ತು. ಲೋಕದ ಗಿರಾಕಿಗಳೆಲ್ಲ ಒಂದೇ ಸಲ ಆ ಅಂಗಡಿಗೆ ನುಗ್ಗಿದ್ದರೋ ಏನೋ, ಒಬ್ಬೊಬ್ಬರಿಗೆ ಹನಿ ಹನಿಯಾಗಿ ಬಿಡುತ್ತಿತ್ತು. ಮೊದಲ ತುಂಡು ಮುಗಿಯುವಷ್ಟರಲ್ಲಿ ನನ್ನ ಮೊಬೈಲಿನ ಆ ದಿನದ ನೆಟ್ ಖಾಲಿ. ಎರಡನೆಯದು ಯಜಮಾನರ ಮೊಬೈಲಿನಲ್ಲಿ ಹಾಕಿದೆ. ಬಾಕಿಗೆ ಏನು ಮಾಡುವುದು ಅಂತ ತಲೆ ಹಿಡಿದುಕೊಂಡು ಕೂತೆ.

ಅತ್ತೆ ಕೋಲು ಹಿಡಿದು ಎದ್ದರು. ಬಾಗಿಲಿಗೆ ಹೋಗಿ, ಚರಂಡಿ ಅಗೆಯುವವರೂ ತಿರುಗಿ ನೋಡುವ ಹಾಗೆ, "ಕೆಚ್ಚಕ್ಕೆ ಬನ್ರವ್ವಾ! ಮೊಬೈಲ್ ತಕಂಡು ಬನ್ನಿ!" ಅಂತ ಕೂಗಿದರು.

ಬಂದರು! ಎದುರು ಮನೆಯ ಕಮಲಕ್ಕ ಮೊದಲು ಬಂದಳು. ಹನೂರಿನಾಚೆ ಗಡಿ ಕಡೆಯವಳು, ತಮಿಳು ಬೆರೆಸಿ ಮಾತಾಡುತ್ತಾಳೆ. "ಇದೆನ್ನ ಅಕ್ಕಾ, ಮೊಬೈಲಲ್ಲಿ ಕೆಚ್ಚೋದು?" ಅಂದಳು. ನಾನು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಮೊಬೈಲ್ ನನ್ನ ಕೈಗಿಟ್ಟಳು. ಹಿಂದೆಯೇ ಉಳಿದ ಮನೆಯವರು ಬಂದು ನಮ್ಮ ಜಗಲಿ ತುಂಬಿತು. ನಾನು ಒಬ್ಬೊಬ್ಬರ ಮೊಬೈಲಿನಲ್ಲೂ ನನ್ನ ಹೆಸರು, ಪಾಸ್‌ವರ್ಡ್ ಹಾಕುತ್ತಾ ಹೋದರೆ ಯಜಮಾನರು ಮಗ್ಗದಿಂದಲೇ, "ಬ್ಯಾಂಕಿಂದೂ ಅದೇ ಪಾಸ್‌ವರ್ಡ್ ಅಲ್ಲ ತಾನೇ?" ಅಂತ ಕೂಗಿದರು.

ಇಲ್ಲೇ ನಾವು ಒಂದು ಎಡವಟ್ಟು ಮಾಡಿಕೊಂಡೆವು. ಕೆಚ್ಚುವಾಗ ಒಂದು ಅಂಚಿನಿಂದ ಶುರು ಮಾಡಿ ವರಸೆಯಾಗಿ ಹೋಗಬೇಕು. ಒಂದು ಎಳೆ ಬಿಟ್ಟು ಮುಂದಿನದಕ್ಕೆ ಕೈ ಹಾಕಿದರೆ ಇಡೀ ಹಾಸು ಕೆಡುತ್ತದೆ. ಅತ್ತೆ ಮೊಬೈಲಿಗೂ ಅದೇ ನಿಯಮ ಹಾಕಿದರು. "ಎರಡನೇದು ಮುಗೀಲಿ, ಆಮೇಲೆ ಮೂರನೇದು. ಯಾರೂ ಮುಂದಕ್ಕೆ ಕೈ ಹಾಕಂಗಿಲ್ಲ." ಬೀದಿಯೆಲ್ಲ ನೇಕಾರರೇ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ. ಒಂದು ಮೊಬೈಲ್ ಇಳಿಸುತ್ತಿದ್ದರೆ ಉಳಿದವರು ತಮ್ಮ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು, ಎಲೆ ಅಡಿಕೆ ಹಾಕಿಕೊಂಡು, ಭಕ್ತಿಯಿಂದ ಸರದಿ ಕಾದರು. ಮಧ್ಯಾಹ್ನದ ಊಟದ ಹೊತ್ತಾದರೂ ನಾಲ್ಕನೆಯದೇ ಮುಗಿದಿರಲಿಲ್ಲ.

ನನಗೆ ಭಯ ಹತ್ತಿತು. ಹನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕುಮಾರನಿಗೆ ಫೋನ್ ಹಚ್ಚಿ, ಬೇಗ ಆಗಲು ಏನಾದರೂ ದಾರಿ ಇದೆಯೇ ಅಂತ ಕೇಳಿದೆ. ಅವನು, "ಯಾಕಕ್ಕಾ ಒಂದೊಂದಾಗಿ? ಯಾವ್ದು ಮುಂದೆ ಬಂದ್ರೂ ಆಯ್ತದೆ, ಯಾವ್ದು ಹಿಂದೆ ಬಂದ್ರೂ ಆಯ್ತದೆ. ಒಂಬತ್ತೂ ಒಂದ್ ಕಡೆ ಇದ್ರೆ ಸಾಕು. ಒಟ್ಗೆ ಹಾಕ್ರಿ!" ಅಂದ. ಅಯ್ಯೋ ನಮ್ಮ ಬುದ್ಧಿಯೇ! ಫೋನ್ ಸ್ಪೀಕರಿನಲ್ಲಿತ್ತು. ಅತ್ತೆಯೇ, "ಕೇಳ್ಸಿಲ್ವಾ? ಒಟ್ಗೆ ಹಾಕ್ರಿ ಅಂದ. ಕೂತ್ಕಂಡ್ ಬಾಯ್ ಯಾಕ್ ನೋಡ್ತಿದ್ದೀರಿ?" ಅಂತ ನಮಗೇ ಗದರಿಸಿದರು.

ಎಲ್ಲ ಮೊಬೈಲ್ ಒಟ್ಟಿಗೆ ಓಡತೊಡಗಿದವು. ಆದರೆ ಒಂಬತ್ತನೆಯದಕ್ಕೆ ಮೊಬೈಲ್ ಸಾಲದೆ ಬಂತು. ಉಳಿದವರ ಮೊಬೈಲಿನಲ್ಲಿ ಒಂದು ತುಂಡಿಗೆ ಆಗುವಷ್ಟು ನೆಟ್ ಇರಲಿಲ್ಲ. ರೀಚಾರ್ಜ್ ಮಾಡೋಣವೆಂದರೆ ದುಡ್ಡು ಕಟ್ಟುವ ಪುಟ ಸುತ್ತುತ್ತಲೇ ಕೂತಿತು. ನೆಟ್ ಇದ್ದವನು ಒಬ್ಬನೇ, ನಾಲ್ಕು ಮನೆ ಆಚೆಯ ಬಸವರಾಜಣ್ಣ. ಯಜಮಾನರ ಚಿಕ್ಕಪ್ಪನ ಮಗ. ಬೀದಿಯಲ್ಲಿ ಬರದೆ ಉಳಿದವನೂ ಅವನೊಬ್ಬನೇ. "ಜಪ ಮಾಡ್ಕಂಡು ಕೂರೋ ವಯಸ್ನಲ್ಲಿ ಆಟ ಆಡ್ತದಂತೆ ಮುದ್ಕಿ. ನಾನ್ ಬರಕಿಲ್ಲ, ಮ್ಯಾಚ್ ನೋಡ್ಬೇಕು" ಅಂದಿದ್ದನಂತೆ. ಕಮಲಕ್ಕ ಇದನ್ನು ತಂದು ಹೇಳಿದ್ದೇ ತಡ, ಅತ್ತೆ ಕೋಲು ಊರಿಕೊಂಡು ಹೊರಟೇಬಿಟ್ಟರು. ಬೀದಿಯಲ್ಲಿ ಚರಂಡಿಯ ಮಣ್ಣಿನ ಗುಡ್ಡೆ, ದಾಟಲು ಒಂದು ಹಲಗೆ. ನಾನು ಕೈ ಹಿಡಿಯಲು ಹೋದರೆ ಕೊಡವಿದರು.

ಬಸವರಾಜಣ್ಣ ಜಗಲಿಯಲ್ಲಿ ಮೊಬೈಲ್ ಹಿಡಿದು ಕ್ರಿಕೆಟ್ ನೋಡುತ್ತಿದ್ದ. ಅತ್ತೆ ಅವನ ಪಕ್ಕದಲ್ಲೇ ಕೂತರು.

"ಬಸವರಾಜ, ಕೆಚ್ಚಕ್ಕೆ ಕರದ್ರೆ ಬರಕಿಲ್ಲ ಅಂದ್ಯಂತೆ?"

"ಇದೇನ್ ಹಾಸಾ ದೊಡ್ಡವ್ವಾ? ಆಟ ಕಣವ್ವಾ ಇದು."

"ನೀ ನೋಡ್ತಿರದೇನ್ಲಾ? ಅದೂ ಆಟವೇ ತಾನೇ? ಯಾರೋ ಆಡ್ತಾವ್ರೆ, ನೀ ಬಾಯ್ ಬುಟ್ಕಂಡ್ ನೋಡ್ತಾ ಕುಂತಿದ್ದೀಯೆ. ನಾನಾದ್ರೆ ನಾನೇ ಆಡ್ತೀನಿ. ಈಗ ಯೋಳು, ವಯಸ್ಸಾಗಿರದು ಯಾರ್ಗೆ?"

ಸುತ್ತ ನಿಂತವರು ಗೊಳ್ಳೆಂದರು. ಬಸವರಾಜಣ್ಣನ ಮುಖ ಕೆಂಪಾಯಿತು, ಆದರೂ ಮೊಬೈಲ್ ಕೊಡಲಿಲ್ಲ. ಅಷ್ಟರಲ್ಲಿ ಯಜಮಾನರು ಮಗ್ಗ ನಿಲ್ಲಿಸಿ ಓಡಿ ಬಂದರು. "ಬಾರವ್ವಾ, ಹೋದ್ರೆ ಹೋಯ್ತದೆ ಬುಡು. ಬೀದೀಲಿ ಯಾಕ್ ರಂಪ?" ಅಂತ ಅತ್ತೆಯ ರಟ್ಟೆಗೆ ಕೈ ಹಾಕಿದರು.

ಅತ್ತೆ ಅವರ ಕಡೆ ತಿರುಗಿದರು. "ಲೇ ಮಾದೇವ, ಮಗ್ಗ ಇಳಿ ಅಂದೆ, ಇಳ್ದೆ. ಕೆಚ್ಚಕ್ಕೂ ಬ್ಯಾಡ ಅಂದೆ, ಬುಟ್ಟೆ. ನನ್ನ ಒಳ್ಳೇದಕ್ಕೇ ಅಂದೆ, ಗೊತ್ತು ಕಣಪ್ಪಾ. ಆದ್ರೆ ನಿಂಗ್ ಏನ್ ಬೇಕವ್ವಾ ಅಂತ ಒಬ್ರಾದ್ರೂ ಕೇಳಿದ್ರಾ? ಈಗ ಎಲ್ಲೋ ಇರೋ ಯಾವನೋ ಒಬ್ಬ ಇದನ್ನೂ ಬುಡು ಅಂತಾವ್ನೆ. ಒಂದ್ ಸಲ ಇಳ್ದಿದ್ದು ಸಾಕು. ಇನ್ನೊಂದ್ ಸಲ ಇಳಿಯಕಿಲ್ಲ. ನೋಡ್ಲಾ ಬಸವರಾಜ, ನಿನ್ನ ಮ್ಯಾಚು. ಮುಗಿಯೋ ತಂಕ ನಾನೂ ಇಲ್ಲೇ ಕುಂತಿರ್ತೀನಿ."

ನಗು ನಿಂತುಹೋಯಿತು. ನನ್ನ ಗಂಡ ರಟ್ಟೆಯ ಮೇಲಿಂದ ಕೈ ತೆಗೆದು, ತಲೆ ತಗ್ಗಿಸಿ ನಿಂತರು. ಬಸವರಾಜಣ್ಣ ಅತ್ತೆಯ ಮುಖ ನೋಡಿದ, ಮೊಬೈಲ್ ನೋಡಿದ. "ತಕೊಳವ್ವಾ ಅತ್ಲಾಗೆ! ಗೆಲ್ಲೋ ಮ್ಯಾಚ್ ಕಣೇ ಅದು" ಅಂತ ಗೊಣಗಿಕೊಂಡು ನನ್ನ ಕೈಗೆ ಕೊಟ್ಟ.

ಆಗಲೇ ನಾಲ್ಕು ದಾಟಿತ್ತು. ನಮ್ಮ ಜಗಲಿಯಲ್ಲಿ ಒಂದೊಂದೇ ಮೊಬೈಲ್ ಮುಗಿಯುತ್ತಾ ಬಂತು. ಮುಗಿದವರು "ನಂದಾಯ್ತು!" ಅಂತ ಕೈ ಎತ್ತುವುದು, ನಾನು ಚಾರ್ಜರ್ ವೈರಿನಲ್ಲಿ ಕಂಪ್ಯೂಟರಿಗೆ ತುಂಬುವುದು. ಕೊನೆಗೆ ಉಳಿದದ್ದು ಬಸವರಾಜಣ್ಣನದು. ಈಗ ಅವನೇ ಅದನ್ನು ಎರಡೂ ಕೈಯಲ್ಲಿ ಹಿಡಿದು, ಸಿಗ್ನಲ್ ಚೆನ್ನಾಗಿ ಸಿಗಲೆಂದು ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತಿದ್ದ! ಯಾರಾದರೂ ಮಾತಾಡಿಸಿದರೆ "ಸುಮ್ನಿರ್ರಿ, ಬತ್ತಾ ಅದೆ" ಅನ್ನುತ್ತಿದ್ದ. ಐದು ಗಂಟೆಯ ಮೇಲೆ ಅವನ ಕೂಗು ಕೇಳಿತು. ಬಂದಿತ್ತು. ಐದೂವರೆ ಆದ ಮೇಲೆ ಕಮಲಕ್ಕ ಸುಮ್ಮನೆ ತನ್ನ ಮೊಬೈಲಿನಲ್ಲಿ ಆ ಅಂಗಡಿಯನ್ನು ತೆಗೆದು ನೋಡಿದಳು. ಒಂದು ಸಾಲಿನ ವಂದನೆ ಬಿಟ್ಟು ಅಲ್ಲಿ ಇನ್ನೇನೂ ಇರಲಿಲ್ಲ.

ಒಂಬತ್ತೂ ತುಂಡು ಸೇರಿಸಿ ಆಟ ಹಾಕಿದೆ. ನೆಟ್ ಬೇಕಂತಲೇ ತೆಗೆದಿದ್ದೆ, ನೋಡೋಣ ಯಾರ ಒಪ್ಪಿಗೆ ಕೇಳುತ್ತದೋ ಅಂತ. ಯಾರನ್ನೂ ಕೇಳಲಿಲ್ಲ. ಪರದೆಯಲ್ಲಿ ಮಧುವನಹಳ್ಳಿ ಬಂತು. ಅದೇ ರಸ್ತೆ, ಅದೇ ಬಾವಿ, ಕಣಜದ ಮುಂದೆ ಅದೇ ಜನ. ಜಗಲಿಯಲ್ಲಿದ್ದವರೆಲ್ಲ ಒಳಗೆ ನುಗ್ಗಿ ಚಪ್ಪಾಳೆ ಹೊಡೆದರು. ಅತ್ತೆಗೆ ಅದ್ಯಾವುದೂ ಬೇಕಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಏನ್ರಪ್ಪಾ, ಹೆದ್ರಿಬುಟ್ರಾ? ನಾನಿಲ್ವಾ?" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ ಈಗಲೂ ಸರಿಯಾಗಿ ಗೊತ್ತಿಲ್ಲ.

ಅಂಗಡಿಯವರ ಮೇಲೆ ನನಗಿರುವ ಕೋಪ ಇನ್ನೂ ಆರಿಲ್ಲ. ಮುಚ್ಚಲು ಅವರಿಗೆ ಕಾರಣ ಇದ್ದಿರಬಹುದು, ಇರಲಿ. ಆದರೆ ಒಬ್ಬರು ಬೆಳಿಗ್ಗೆ ಎದ್ದು ಯಾವುದಕ್ಕಾಗಿ ಕಾಯುತ್ತಾರೋ ಅದನ್ನು ಒಂದು ಮೇಲ್ ಹಾಕಿ ಕಿತ್ತುಕೊಳ್ಳಬಹುದು ಅಂದುಕೊಂಡರಲ್ಲ, ಅದು ತಪ್ಪು. ಮನೆಯವರಾದ ನಾವೂ ಅತ್ತೆಗೆ ಪ್ರೀತಿಯಿಂದ ಅದನ್ನೇ ಮಾಡಿದ್ದೆವು. ಅದು ನನಗೂ ನನ್ನ ಗಂಡನಿಗೂ ಗೊತ್ತಾದದ್ದು ಬಸವರಾಜಣ್ಣನ ಜಗಲಿಯಲ್ಲಿ.

ದೀಪಾವಳಿ ಹೊತ್ತಿಗೆ ನಮ್ಮ ಮಗ್ಗಕ್ಕೆ ಹೊಸ ಹಾಸು ಬಂತು. ಯಜಮಾನರು ಯಾರಿಗೂ ಹೇಳದೆ ಮಗ್ಗದ ಪಕ್ಕಕ್ಕೆ ಎತ್ತರದ ಹಲಗೆ ಹಾಕಿ, ಕಾಲು ಚಾಚಿ ಕೂರುವ ಹಾಗೆ ಮಾಡಿದರು. ಬಟ್ಟಲಲ್ಲಿ ಬೂದಿ ತಂದಿಟ್ಟರು. ಆಮೇಲೆ ಕಂಪ್ಯೂಟರ್ ಇರುವ ಕೋಣೆಯ ಬಾಗಿಲಲ್ಲಿ ನಿಂತು, "ಅವ್ವಾ, ಕೆಚ್ಚಕ್ಕೆ ಬಾರವ್ವಾ" ಅಂದರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಇರ್ಲಾ, ಊರ್ಗೆ ನೀರ್ ಬುಟ್ಟು ಬತ್ತೀನಿ" ಅಂದರು.

ನಾವಿಬ್ಬರೂ ಬಾಗಿಲಲ್ಲೇ ಕಾದು ನಿಂತೆವು.