ಕುಮಟೆಯ ಕಾಡಿನ ಕೊನೆಯ ನೆಲಸೀತಾಳೆ

ರಾಣೆಬೆನ್ನೂರಿನಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿದಾಗ ನನ್ನ ಹೊಟ್ಟೆಯಲ್ಲಿ ಒಂದು ಲೋಟ ಚಹಾ, ಉಳಿದದ್ದೆಲ್ಲ ಹೆದರಿಕೆ. ಎಂಬತ್ತರ ದಶಕದ ಕೊನೆಯ ಒಂದು ಶ್ರಾವಣ ಅದು. ಕುಮಟೆಯ ಬಳಿ ಕರಾವಳಿ ಕಾಡಿನ ಒಂದು ತುಂಡನ್ನು ಅಕೇಶಿಯಾ ನೆಡಲು ಕಡಿಯುವವರಿದ್ದರು. ಬಿಳಿ ನೆಲಸೀತಾಳೆ ಎಂಬ ನೆಲದ ಆರ್ಕಿಡ್ಡನ್ನು ನಾನು ಕಂಡದ್ದು ಅಲ್ಲಿ ಮಾತ್ರ. "ಗಿಡ ಇನ್ನೂ ಇದ್ದರೆ ತೋರಿಸಿ, ಆ ಜಾಗ ಕಡಿಯದಂತೆ ಬಿಡಿಸುತ್ತೇನೆ" ಎಂದು ಅಲ್ಲಿನ ಅರಣ್ಯಾಧಿಕಾರಿ ಬರೆದಿದ್ದರು. ಮರುದಿನ ಹನ್ನೊಂದಕ್ಕೆ ಅವರೇ ನೋಡಲು ಬರುವುದಿತ್ತು.

ಹಾವೇರಿಯಲ್ಲಿ ಇಮಾಮಸಾಬ ಹತ್ತಿದ. ಕರ್ಜಗಿಯವನು, ನಾನು ಪಾಠ ಹೇಳುವ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಜವಾನ. ಗಿಡ ಗುರುತಿಸುವುದರಲ್ಲಿ ನನಗಿಂತ ಚುರುಕು. ಯಾರದೋ ಬ್ಯಾಡಗಿ ಮೆಣಸಿನಕಾಯಿ ಚೀಲದಿಂದಾಗಿ ಹಾನಗಲ್ಲು ದಾಟುವವರೆಗೂ ಇಡೀ ಬಸ್ಸು ಸೀನಿತು. ಶಿರಸಿಯಲ್ಲಿ ಊಟ, ಘಟ್ಟದಲ್ಲಿ ಮಂಜು. ಸಂಜೆ ಕುಮಟೆ ಮುಟ್ಟಿದಾಗ ಜಡಿಮಳೆ.

"ಇದ್ದ ಇರತೈತ್ರಿ ಸರ್, ಎಲ್ಲಿ ಹೋಗತೈತಿ?" ಎಂದು ಅವನೇ ನನಗೆ ಧೈರ್ಯ ಹೇಳಿದ.

ಬೆಳಿಗ್ಗೆ ಎಂಟಕ್ಕೆ ಕಾಡು ಹೊಕ್ಕೆವು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆತಂದು, ತಲೆಗೊಂದು ಗಿಡ ಕೀಳಿಸಿ, ಒಣಗಿಸಿ ಸಸ್ಯಸಂಗ್ರಹದ ಹಾಳೆಗೆ ಅಂಟಿಸಲು ಒಯ್ದಿದ್ದ ಜಾಗ ಅದು. ಈಗ ಎರಡು ತಾಸು ಹುಡುಕಿದರೂ ಒಂದೆಲೆ ಸಿಗಲಿಲ್ಲ. ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಇಂಬಳ ಕೀಳಲೂ ನನಗೆ ವ್ಯವಧಾನವಿರಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ದಿಕ್ಕು ಹಿಡಿದೆವು.

"ಸಿಕ್ತ್ರಿ ಸರ್! ಒಂದ ಒಂದು ಐತಿ!"

ಬಿದ್ದು ಎದ್ದು ಓಡಿದೆ. ಗಿಡ ಅವನ ಕೈಯಲ್ಲಿತ್ತು. ಬಿಳಿ ಹೂಗೊಂಚಲು, ಗಡ್ಡೆ, ಮಣ್ಣು ಝಾಡಿಸಿದ ಬೇರು.

"ಒಂದ ಎಳಿ ಬೇರೂ ಹರದಿಲ್ಲ, ನೋಡ್ರಿ" ಎಂದ ಹೆಮ್ಮೆಯಿಂದ.

ಗಿಡವನ್ನು ನಿಂತಲ್ಲೇ ತೋರಿಸಬೇಕೆಂದು ನಾನು ಅವನಿಗೆ ಹೇಳಿರಲೇ ಇಲ್ಲ. ನನ್ನ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಇಬ್ಬರೂ ಅದೇ ಕುಳಿಯಲ್ಲಿ ಗಿಡವನ್ನಿಟ್ಟು ಮಣ್ಣು ಒತ್ತಿದೆವು. ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಬಗ್ಗಿ ಬೆರಳಿನಿಂದ ಮಣ್ಣು ಕೆದಕಿದರು. ಗಿಡ ವಾಲಿತು.

"ಇದು ಇಲ್ಲಿ ಹುಟ್ಟಿದ್ದಲ್ಲ ಮೇಷ್ಟ್ರೇ. ನೀವು ತಂದು ನೆಟ್ಟದ್ದು."

"ಇಲ್ಲೇ ಹುಟ್ಟಿದ್ದು. ನಾವೇ ಕಿತ್ತು ಮತ್ತೆ ನೆಟ್ಟೆವು" ಎಂದೆ.

ಅವರು ನಕ್ಕರು. "ಉಳಿದಿರುವ ಒಂದೇ ಗಿಡವನ್ನು ಸಸ್ಯಶಾಸ್ತ್ರದ ಮೇಷ್ಟ್ರು ಕೀಳುತ್ತಾರೆಯೇ? ನಂಬುವ ಹಾಗೆ ಹೇಳಿ." ಜಾಗ ಬಿಡಿಸುವ ಮಾತು ಅಲ್ಲಿಗೇ ಮುಗಿದು, ಜೀಪು ಹೊರಟುಹೋಯಿತು.

ಮರಳುವ ಬಸ್ಸು ಶಿರಸಿ ದಾಟಿತು. ಇಮಾಮಸಾಬ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದ: "ವರ್ಸಾ ವರ್ಸಾ ಬೇರ ಸಮೇತ ತಗಿ ಅಂದ್ರಿ ಸರ್, ತಗದೆ. ಒಂದ ಸಲನರ ಬಿಡು ಅಂದಿದ್ರ ಬಿಡತಿದ್ನಲ್ರಿ."

ಅಧಿಕಾರಿಯ ಎದುರು ಬಾರದ ನಾಚಿಕೆ ನನಗೆ ಆಗ ಬಂತು.