ಮುತ್ತ್ಯಾನ ಮಲ್ಲಕಂಬ

ಔಡಲೆಣ್ಣೆಯ ಕಮಟು ವಾಸನೆ ಮೂಗಿಗೆ ಬಡಿದರೆ ಸಾಕು, ಹಳೆ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿದ್ದ ನಮ್ಮ ಮನೆಯ ಹಿತ್ತಿಲು ಕಣ್ಣ ಮುಂದೆ ಬರುತ್ತದೆ. ಅಲ್ಲಿ ಅಪ್ಪನ ಅಪ್ಪ, ನನ್ನ ಮುತ್ತ್ಯಾ, ಹುಗಿದ ಮಲ್ಲಕಂಬವಿತ್ತು. ದಿನಾ ಮುಂಜಾನೆ ಅದಕ್ಕೆ ಎಣ್ಣೆ ಸವರಿ, ತುದಿಯವರೆಗೆ ಹತ್ತಿ ಕಸರತ್ತು ಮಾಡುತ್ತಿದ್ದ. ನನ್ನ ಆರನೆಯ ವರ್ಷದಲ್ಲಿ ತಿಂಗಳಿಡೀ ಜ್ವರದಿಂದ ಮಲಗಿ ಎದ್ದ ಮೇಲೆ ಕಾಲುಗಳಲ್ಲಿ ಕಸುವೇ ಉಳಿದಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿದ್ದೆ. ಓಣಿಯ ಹುಡುಗಿಯರು ನಗುತ್ತಾರೆಂದು ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಅವ್ವ ನನ್ನನ್ನು ಎತ್ತಿಕೊಂಡೇ ಶಾಲೆಗೆ ಬಿಟ್ಟುಬರುತ್ತಿದ್ದಳು. ನೋಡಿ ನೋಡಿ ಮುತ್ತ್ಯಾ ಒಂದು ದಿನ ಹಿತ್ತಿಲಲ್ಲಿ ನಾಲ್ಕು ಕೌದಿ ಹಾಸಿದ. "ಬೀಳಾಕ ಅಂಜತಿ, ಅದಕ್ಕ ಬೀಳತಿ. ಮೊದಲ ಬೀಳೂದು ಕಲಿ," ಎಂದ.

ಎರಡು ತಿಂಗಳು ಬರೀ ಅದೇ. ಗದ್ದ ಎದೆಗೊತ್ತಿ, ಬೆನ್ನು ಗುಂಡಗೆ ಮಾಡಿ ಲಾಗ ಹಾಕುವುದು. ಒಂಟಿಗಾಲಲ್ಲಿ ನಿಂತು ನೂರರವರೆಗೆ ಎಣಿಸುವುದು. ಸತ್ತುಹೋಗಿದ್ದ ಹಸಿವು ಮರಳಿ ಬಂತು. ಎರಡು ರೊಟ್ಟಿ ತಿಂದು ಮತ್ತೊಂದಕ್ಕೆ ಕೈಚಾಚಿದ ದಿನ ಅವ್ವ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮರುವಾರ ನಾನು ನಡೆದೇ ಶಾಲೆಗೆ ಹೋದೆ. ಆದರೆ ಕಂಬ ಹತ್ತುತ್ತೇನೆಂದಾಗ ಅವ್ವ ಅಡ್ಡ ಬಂದಳು.

"ಹೆಣ್ಣ ಹುಡುಗಿ ಐತ್ರಿ ಮಾವಾರ. ಕೈಕಾಲು ಮುರಕೊಂಡ್ರ?"

"ಮುರೀಬಾರದಂತನ ಕಲಿಸಾಕತ್ತೇನವಾ."

"ಬ್ಯಾಡ್ರಿ."

ಮುತ್ತ್ಯಾ ನನ್ನತ್ತ ತಿರುಗಿ, "ನೀ ಏನಂತಿ?" ಎಂದ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಹತ್ತತೇನಿ," ಎಂದೆ.

ಹತ್ತಿದೆ, ಜಾರಿದೆ. ತೊಡೆಯ ಒಳಮೈ ಕೆಂಪಾಗಿ ಉರಿಯಿತು. ಮರುದಿನ ಮತ್ತೆ ಹತ್ತಿದೆ. ಹೀಗೆ ಗೇಣು ಗೇಣಾಗಿ ಏರುತ್ತ ಒಂದು ಮುಂಜಾನೆ ತುದಿಯ ಸಮೀಪ ಹೋಗಿ ಕೆಳಗೆ ನೋಡಿದರೆ, ಒಲೆ ಬಿಟ್ಟು ಓಡಿಬಂದ ಅವ್ವ ಸೆರಗನ್ನು ಎರಡೂ ಕೈಯಲ್ಲಿ ಹರವಿ ಹಿಡಿದು ನಿಂತಿದ್ದಳು. ಇಳಿ ಎನ್ನುತ್ತಾಳೆಂದು ಅಂಜಿದೆ. ಅವಳು ಕೂಗಿದಳು: "ಇನ್ನೊಂದೀಟ ಐತಿ, ಹತ್ತು!"

ಮುಂದೆ ಆ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರಕ್ಕೆ ಬಂದ ವರ್ಷವೇ ಮುತ್ತ್ಯಾ ತೀರಿಹೋದ. ಅವ್ವ ಹೋಗಿ ಮೂರು ವರ್ಷವಾಯಿತು. ನಾನೀಗ ಸಂಜೆ ಪುಟ್ಟ ಮಕ್ಕಳಿಗೆ ಜಿಮ್ನ್ಯಾಸ್ಟಿಕ್ಸ್ ಕಲಿಸುತ್ತೇನೆ, ಎಷ್ಟೇ ದಣಿದರೂ ಒಂದು ದಿನ ತಪ್ಪಿಸುವುದಿಲ್ಲ. ನಿಮ್ಮದೂ ಒಂದು ಮನೆ ಹೀಗೆ ನೀರಿಗೆ ಹೋಗಿದ್ದರೆ ನಿಮಗೆ ತಿಳಿದೀತು: ಅಂದು ಕಂಬದ ತುದಿಯಿಂದ ನಮ್ಮ ಮಾಳಿಗೆ, ಬೆಳಕಿಂಡಿಯಿಂದ ಏಳುವ ಹೊಗೆ, ಆಚೆಗೆ ಹೊಳೆ, ಎಲ್ಲ ಒಟ್ಟಿಗೆ ಕಂಡಿತ್ತು. ಆ ಮನೆಯನ್ನು ಅಷ್ಟೆತ್ತರದಿಂದ ನೋಡಿದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.