ಸೂಜಿಯೆಲೆ ಇಲ್ಲದ ಕೊಂಬೆ

ಬಿ.ಎಸ್ಸಿ. ಪರೀಕ್ಷೆಯಲ್ಲಿ ಪೈನ್ ಮರದ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಮರವನ್ನು ಮಾತ್ರ ಕಂಡಿರಲಿಲ್ಲ. ಭಾನುವಳ್ಳಿಯ ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪದವಿ ಪಡೆದೆನೆಂಬ ಹೆಮ್ಮೆ ಇತ್ತು, ಈಗಲೂ ಇದೆ. ಅರವತ್ತರ ದಶಕದಲ್ಲಿ ದಾವಣಗೆರೆಯ ಕಾಲೇಜೊಂದರ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಕೆಲಸ, ಹರಿಹರದಲ್ಲಿ ಬಾಡಿಗೆ ಕೋಣೆ, ದಿನಾ ರೈಲಿನಲ್ಲಿ ಓಡಾಟ.

ಪಕ್ಕದ ಮನೆಯ ಎಂಜಿನಿಯರು ಜಪಾನಿನಲ್ಲಿ ತರಬೇತಿ ಮುಗಿಸಿ ಬಂದವರು. ಅಲ್ಲಿ ಹತ್ತಿದ ಹುಚ್ಚಿನಿಂದ ಪೈನ್ ಸಸಿಯೊಂದನ್ನು ತಟ್ಟೆಯಂಥ ಕುಂಡದಲ್ಲಿ ವರ್ಷಗಟ್ಟಲೆ ಸಾಕಿ, ತಾಮ್ರದ ತಂತಿ ಸುತ್ತಿ ಬಗ್ಗಿಸಿ, ಗೇಣುದ್ದದ ಮುದಿಮರ ಮಾಡಿದ್ದರು. ಒಂದು ಬೇಸಿಗೆ ಎರಡು ತಿಂಗಳು ಪರವೂರಿಗೆ ಹೊರಟಾಗ ಅದನ್ನು ನನಗೆ ಒಪ್ಪಿಸಿದರು.

“ಹೊಸ ಕುಡಿ ಬತ್ತಿಯಂಗೆ ಎದ್ದು ನಿಂತ್ರೆ ಅರ್ಧ ಚಿವುಟ್ರಿ. ಓದಿದವರಿಗೆ ನಾನೇನು ಹೇಳೋದು.”

ಆ ಮಾತಿಗೆ ಉಬ್ಬಿಹೋದೆ.

ರಜೆಯ ಮಧ್ಯಾಹ್ನಗಳಲ್ಲಿ ಹೊಳೆಯ ಕಡೆಯ ಗಾಳಿಗೆ ಸೂಜಿಯೆಲೆಗಳು ಅಲುಗುತ್ತಿದ್ದವು. ಕಣ್ಣನ್ನು ಕುಂಡದ ಮಟ್ಟಕ್ಕೆ ಇಳಿಸಿದರೆ ಪಾಚಿಯೇ ಹುಲ್ಲುಗಾವಲು. ಇರುವೆಯಷ್ಟಾಗಿ ನಾನು ಆ ಮರದಡಿ ನಡೆಯುತ್ತಿದ್ದೆ, ನಡೆದಷ್ಟೂ ಬೆಟ್ಟ ಮುಗಿಯುತ್ತಿರಲಿಲ್ಲ. ಒಂದು ದಿನ ಬಲಗಡೆಯ ಕೆಳಕೊಂಬೆ ಆ ದಾರಿಗೆ ಅಡ್ಡ ಬಂದಂತೆ ಅನ್ನಿಸಿತು. ಒಂದು ಸೂಜಿಯನ್ನೂ ಬಿಡದೆ, ಬೆರಳುದ್ದದ ಮೋಟು ಉಳಿಸಿ ಕತ್ತರಿಸಿದೆ. ಗದ್ದೆಗೆ ಗೊಬ್ಬರದ ಸೊಪ್ಪು ತುಳಿಯಲು ಬದುವಿನ ಹೊಂಗೆಯನ್ನು ನಾವು ಹಾಗೇ ಬೋಳಿಸುತ್ತಿದ್ದೆವು. ಹದಿನೈದು ದಿನಕ್ಕೆ ಹೊಂಗೆ ಮತ್ತೆ ಚಿಗುರುತ್ತಿತ್ತು.

ಪೈನ್ ಚಿಗುರಲಿಲ್ಲ. ತಿಂಗಳಾಯಿತು. ಪಠ್ಯಪುಸ್ತಕ ತಿರುವಿದೆ. ಪರಾಗದ ಎರಡು ರೆಕ್ಕೆಗಳ ಚಿತ್ರ ಇತ್ತು, ಬೋಳಿಸಿದ ಕೊಂಬೆ ಚಿಗುರುತ್ತದೋ ಇಲ್ಲವೋ ಎಂಬುದು ಇರಲಿಲ್ಲ.

ಊರಿನಿಂದ ಅವ್ವ ಬಂದವಳು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಇಷ್ಟು ಕೂಸಿಗೆ ಯಾಕಪ್ಪ ತಂತಿ ಸುತ್ಯಾರ? ಏನು ತಪ್ಪು ಮಾಡಿತ್ತು?”

“ಆಕಾರಕ್ಕವ್ವ.”

“ಈ ಕೊಂಬೆ ಒಣಗೈತಲ್ಲೋ.”

“ಚಿಗುರ್ತೈತೆ, ತಡಿ.”

“ಹೊಂಗೆ ಅಂತ ತಿಳಿದ್ಯೇನು? ಅವರು ಕೇಳಿದ್ರೆ ಬೆಕ್ಕು ಮುರೀತು ಅಂದ್ಬಿಡು. ನಿನ್ನ ಓದಿನ ಮರ್ಯಾದೆನಾರ ಉಳೀತೈತೆ.”

ನನಗಿದ್ದ ಅಂಜಿಕೆಯೂ ಅದೇ. ಅಪ್ಪ ಅವ್ವ ಗೇದು ಕೊಡಿಸಿದ ಓದು ಒಂದು ಕೊಂಬೆಯಲ್ಲಿ ಒಣಗಿ ನಿಂತಿತ್ತು.

ಎಂಜಿನಿಯರು ಬಂದು ಕುಂಡವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಬೆಕ್ಕು ಎನ್ನಲು ಬಾಯಿ ತೆರೆದೆ.

“ನಾನೇ ಕತ್ತರಿಸಿದೆ. ಚಿಗುರುತ್ತೆ ಅಂತ ತಿಳಿದಿದ್ದೆ.”

ಅವರು ಒಣಕೊಂಬೆಯನ್ನು ಬೆರಳಿನಿಂದ ತಟ್ಟಿ ನೋಡಿದರು. “ಪೈನು ಬೋಳು ಕೊಂಬ್ಯಾಗೆ ಚಿಗುರಂಗಿಲ್ರಿ. ನಾಕು ಎಲೆನಾದ್ರೂ ಬಿಡಬೇಕು,” ಎಂದು ಒಳಗೆ ಹೋಗಿ ಸಣ್ಣ ಚಾಕು ತಂದರು. “ಕೂಡ್ರಿ. ಸಿಡಿಲು ಬಡಿದ ಮರ ಮಾಡಾನ. ತೊಗಟೆ ನೀವೇ ಸುಲೀರಿ.”

ಸುಲಿದೆ. ರಾಳದ ವಾಸನೆ ಕೈಗೆ ಹತ್ತಿತು. ಒಳಗಿನ ಕಟ್ಟಿಗೆ ಬೆಳ್ಳಗೆ ಹೊಳೆಯಿತು. ಯಾವುದೋ ಬೆಟ್ಟದ ತುದಿಯಲ್ಲಿ ನೂರು ಮಳೆಗಾಲ ಕಂಡ ಮರ ಅದು ಎಂದು ಅರೆಗಳಿಗೆ ನಾನೇ ನಂಬಿದೆ.

ಮರುವರ್ಷ ಎಂಜಿನಿಯರು ಮತ್ತೆ ಊರಿಗೆ ಹೊರಟಾಗ ಕುಂಡ ಹಿಡಿದು ನನ್ನ ಬಾಗಿಲಿಗೇ ಬಂದರು.

“ನೀರಷ್ಟೇ ಹಾಕ್ರಿ. ಕೊಂಬೆ ಮುಟ್ಟಬ್ಯಾಡ್ರಿ.”

ಹೂಂ ಎಂದು ಎರಡೂ ಕೈಯಿಂದ ಇಸಿದುಕೊಂಡೆ.